ಕಡಲೂರಿನಲ್ಲಿ ಮನೆ ಮಾಡುವ ಮುನ್ನ: ಮೈಸೂರು, ಮಂಡ್ಯದವರಿಗೊಂದು ಸಮಗ್ರ ಮಾರ್ಗದರ್ಶಿ

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ನಡೆಯುವ ನಿವೃತ್ತರ ಮಾತಿನಲ್ಲಿ ಈಚೆಗೆ ಮಂಗಳೂರು, ಮಣಿಪಾಲ, ಕುಂದಾಪುರದ ಹೆಸರು ಪದೇ ಪದೇ ಬರುತ್ತದೆ. ಮಕ್ಕಳು ಹೊರದೇಶದಲ್ಲಿದ್ದಾರೆ, ಕುವೆಂಪುನಗರದ ಮನೆ ಇಬ್ಬರಿಗೆ ದೊಡ್ಡದಾಯಿತು, ಡಿಸೆಂಬರಿನಲ್ಲಿ ಮಲ್ಪೆಗೆ ಹೋಗಿ ಬಂದ ಗುಂಗು ಇನ್ನೂ ಇಳಿದಿಲ್ಲ. ಮಂಡ್ಯದ ಕಡೆಯಿಂದಲೂ, ಮಗಳು ಮಣಿಪಾಲದಲ್ಲಿ ಓದುತ್ತಾಳೆ ಎಂಬ ನೆಪದಲ್ಲಿ, ಇದೇ ಪ್ರಶ್ನೆ ಬರುತ್ತದೆ. ಕರಾವಳಿಯಲ್ಲಿ ಒಂದು ಒಳ್ಳೆಯ ಮನೆ ಕೊಂಡು ಅಲ್ಲೇ ಇದ್ದುಬಿಡೋಣವೇ? ಕೊಂಡರೆ ಯಾವ ಊರಿನಲ್ಲಿ?

ಇಲ್ಲಿ ನಾನು ಹೇಳುತ್ತಿರುವುದು ಕೈಯಲ್ಲಿ ಒಂದಿಷ್ಟು ದುಡ್ಡಿದ್ದು, ಒಳ್ಳೆಯ ಬಡಾವಣೆಯಲ್ಲೇ ಇರಬೇಕು ಎನ್ನುವವರಿಗೆ. ಎಡವುವವರೂ ಅವರೇ. ದುಡ್ಡು ಕಡಿಮೆ ಇದ್ದವರು ನಾಲ್ಕು ಕಡೆ ವಿಚಾರಿಸುತ್ತಾರೆ. ಇದ್ದವರು ಬಾಲ್ಕನಿಯಿಂದ ಸಮುದ್ರ ಕಂಡ ಕೂಡಲೇ ಮುಂಗಡ ಕೊಡುತ್ತಾರೆ. ನನ್ನ ಲೆಕ್ಕದಲ್ಲಿ ಮೊದಲು ಆಸ್ಪತ್ರೆ, ಆಮೇಲೆ ದಾರಿ, ಆಮೇಲೆ ನೀರು ಮತ್ತು ಕಾಗದ. ಸಮುದ್ರ ಕಟ್ಟಕಡೆಗೆ.

ಹೆಜ್ಜೆ 1: ಯಾರು ಇರುತ್ತಾರೆ, ಎಷ್ಟು ದಿನ ಇರುತ್ತಾರೆ

ಒಂದು ಹಾಳೆಯ ಮೇಲೆ ಇದನ್ನು ಬರೆದುಕೊಳ್ಳಿ. ಗಂಡ ಹೆಂಡತಿ ಇಬ್ಬರೇನಾ, ಜೊತೆಗೆ ವಯಸ್ಸಾದ ತಾಯಿ ಇದ್ದಾರಾ? ಕಾರು ಓಡಿಸುವವರು ಯಾರು, ಇನ್ನು ಎಷ್ಟು ವರ್ಷ ಓಡಿಸಬಲ್ಲರು? ವರ್ಷವಿಡೀ ಇರುತ್ತೀರಾ, ನವೆಂಬರಿನಿಂದ ಫೆಬ್ರವರಿವರೆಗೆ ಮಾತ್ರವಾ? ನಾಲ್ಕು ತಿಂಗಳಷ್ಟೇ ಎಂದಾದರೆ ಮನೆ ಕೊಳ್ಳುವ ಯೋಚನೆ ಬಿಡಿ, ಒಂಬತ್ತನೇ ಹೆಜ್ಜೆಗೆ ನೇರ ಹೋಗಿ. ಮುಚ್ಚಿಟ್ಟ ಮನೆಯನ್ನು ಕರಾವಳಿಯ ಮಳೆಗಾಲ ಸುಮ್ಮನೆ ಬಿಡುವುದಿಲ್ಲ.

ಹೆಜ್ಜೆ 2: ಆಸ್ಪತ್ರೆಯಿಂದ ಶುರು ಮಾಡಿ

ಮೈಸೂರಿನಲ್ಲಿ ಇದ್ದವರಿಗೆ ಆಸ್ಪತ್ರೆಯ ಚಿಂತೆ ಗೊತ್ತೇ ಆಗುವುದಿಲ್ಲ. ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್, ಹೃದಯಕ್ಕೆ ಜಯದೇವ, ಎಲ್ಲಾ ಆಟೋ ದೂರದಲ್ಲಿವೆ. ಕರಾವಳಿಯಲ್ಲಿ ಈ ಸೌಕರ್ಯ ಎಲ್ಲ ಊರಿಗೂ ಹಂಚಿಹೋಗಿಲ್ಲ. ದಕ್ಷಿಣಕ್ಕೆ ಕಿಕ್ಕಿರಿದಿದೆ, ಉತ್ತರಕ್ಕೆ ಹೋದಂತೆ ತೆಳುವಾಗುತ್ತದೆ.

ಮಂಗಳೂರು ಈ ವಿಷಯದಲ್ಲಿ ಮೈಸೂರಿಗಿಂತಲೂ ಒಂದು ಕೈ ಮೇಲು. ಫಾದರ್ ಮುಲ್ಲರ್ ಆಸ್ಪತ್ರೆ 1880ರಿಂದ ಇದೆ. ಸರ್ಕಾರದ ವೆನ್ಲಾಕ್ ಜಿಲ್ಲಾಸ್ಪತ್ರೆ, ಕೆಎಂಸಿ, ಎ.ಜೆ., ದಕ್ಷಿಣಕ್ಕೆ ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳು. ಮಣಿಪಾಲದಲ್ಲಿ 1961ರಲ್ಲಿ ಶುರುವಾದ ಕಸ್ತೂರ್ಬಾ ಆಸ್ಪತ್ರೆಯೇ ಇಡೀ ಊರಿನ ಆಧಾರ. ಶಿವಮೊಗ್ಗ, ಉತ್ತರ ಕನ್ನಡದವರೂ ದೊಡ್ಡ ಕಾಯಿಲೆ ಅಂದರೆ ಇಲ್ಲಿಗೇ ಬರುವುದು. ಕುಂದಾಪುರದಲ್ಲಿ ತಾಲ್ಲೂಕು ಆಸ್ಪತ್ರೆಯೂ ಖಾಸಗಿ ನರ್ಸಿಂಗ್ ಹೋಮುಗಳೂ ಇವೆ. ಅದಕ್ಕೂ ಮೀರಿದ್ದಕ್ಕೆ ಹೆದ್ದಾರಿಯಲ್ಲಿ ಸುಮಾರು 40 ಕಿಲೋಮೀಟರ್ ದಕ್ಷಿಣಕ್ಕೆ ಮಣಿಪಾಲಕ್ಕೆ ಓಡಬೇಕು.

ಭಟ್ಕಳ ದಾಟಿದರೆ ಕಥೆಯೇ ಬೇರೆ. ಹೊನ್ನಾವರ, ಕುಮಟಾದವರು ಗಂಭೀರ ಕಾಯಿಲೆಗೆ ಮಣಿಪಾಲ ಅಥವಾ ಮಂಗಳೂರಿಗೆ ಹೊರಡುತ್ತಾರೆ, ಕಾರವಾರದವರು ಗೋವಾ ಕಡೆಗೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಉತ್ತರ ಕನ್ನಡದ ಜನ 2022ರಲ್ಲಿ ದೊಡ್ಡ ದನಿಯಲ್ಲೇ ಕೇಳಿದ್ದರು. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ ನಿಜ. ಆದರೆ ಸ್ಟೆಂಟ್ ಹಾಕಿಸಿಕೊಂಡವರು, ಡಯಾಲಿಸಿಸ್ ಆಗುತ್ತಿರುವವರು ಮನೆಯಲ್ಲಿದ್ದರೆ ಈ ಊರುಗಳನ್ನು ಪಟ್ಟಿಯಿಂದ ತೆಗೆದುಬಿಡಿ. ಅಲ್ಲಿನ ಕಡಲು ಎಷ್ಟೇ ಚೆನ್ನಾಗಿರಲಿ.

ಪರೀಕ್ಷೆ ಹೀಗೆ ಮಾಡಿ. ನೀವು ನೋಡಿದ ಮನೆಯಿಂದ ತುರ್ತು ಚಿಕಿತ್ಸಾ ವಿಭಾಗದ ಬಾಗಿಲಿಗೆ ಸಂಜೆ ಆರೂವರೆಗೆ ಕಾರಿನಲ್ಲಿ ಹೋಗಿ ನೋಡಿ. ಮಧ್ಯಾಹ್ನ ಎರಡು ಗಂಟೆಗೆ ಬೇಡ. ಅರ್ಧ ಗಂಟೆ ದಾಟಿದರೆ ಆ ಮನೆ ಬೇಡ.

ಹೆಜ್ಜೆ 3: ಘಟ್ಟದ ದಾರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಊರು ಬಿಟ್ಟರೂ ಊರಿನ ನಂಟು ಬಿಡುವುದಿಲ್ಲ. ಮದುವೆ, ತಿಥಿ, ದಸರಾ, ಸೈಟಿನ ಕಂದಾಯ, ಏನಾದರೂ ಒಂದಕ್ಕೆ ಬರಲೇಬೇಕು. ಮೈಸೂರಿನಿಂದ ಮಂಗಳೂರಿಗೆ ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರಿನ ಮೇಲೆ ಸುಮಾರು 250 ಕಿಲೋಮೀಟರ್. ಉಡುಪಿಗೆ ಅದರ ಮೇಲೆ ಇನ್ನೊಂದು 55-60, ಕುಂದಾಪುರಕ್ಕೆ ನೂರರ ಹತ್ತಿರ. ಮಂಡ್ಯದವರು ಮೈಸೂರಿಗೆ ಬರಬೇಕೆಂದೇನಿಲ್ಲ. ನಾಗಮಂಗಲ, ಬೆಳ್ಳೂರು ಕ್ರಾಸಿಗೆ ಹೋಗಿ ಬೆಂಗಳೂರು-ಮಂಗಳೂರು ಹೆದ್ದಾರಿ ಹಿಡಿದರೆ ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೇಲೆ ನೇರ ಇಳಿಯಬಹುದು.

ಮಳೆಗಾಲದಲ್ಲಿ ಈ ದಾರಿಗಳು ಕೈಕೊಡುತ್ತವೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡ ಕುಸಿದಾಗ ಮಡಿಕೇರಿ-ಸಂಪಾಜೆ ರಸ್ತೆ ಕಿತ್ತುಹೋಗಿ, ಮೈಸೂರಿನಿಂದ ಮಂಗಳೂರಿಗೆ ಹೋಗುವವರೆಲ್ಲ ಬಳಸು ದಾರಿ ಹುಡುಕಬೇಕಾಯಿತು. 2024ರ ಜುಲೈ ಇನ್ನೂ ಹಸಿ ನೆನಪು. ಸಕಲೇಶಪುರದ ಬಳಿ ದೊಡ್ಡತಪ್ಪಲೆಯಲ್ಲಿ ರಸ್ತೆ ಮೇಲೆ ಗುಡ್ಡ ಜರಿಯಿತು, ಎಡಕುಮೇರಿ ಹತ್ತಿರ ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿ ರೈಲು ನಿಂತಿತು, ಅಂಕೋಲಾ ಬಳಿ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಬಿದ್ದು ಜೀವಗಳು ಹೋದವು. ಮರುತಿಂಗಳು ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಹೆದರಿಸಲು ಹೇಳುತ್ತಿಲ್ಲ. ಜುಲೈ, ಆಗಸ್ಟಿನಲ್ಲಿ ಘಟ್ಟ ಹತ್ತುವ ಕೆಲಸ ಇಟ್ಟುಕೊಳ್ಳದಂತೆ ಬದುಕು ಹೊಂದಿಸಿಕೊಳ್ಳಬಹುದೇ ಎಂದು ನೋಡಿಕೊಳ್ಳಿ.

ರೈಲು ನನಗೆ ಇಷ್ಟ. ಮೈಸೂರು, ಹಾಸನ, ಸುಬ್ರಹ್ಮಣ್ಯ ರೋಡ್ ಮೂಲಕ ರಾತ್ರಿ ರೈಲು ಮಂಗಳೂರಿಗೆ ಹೋಗಿ ಮುಂದೆ ಮುರುಡೇಶ್ವರದವರೆಗೂ ಸಾಗುತ್ತದೆ. ಉಡುಪಿ, ಕುಂದಾಪುರದಲ್ಲಿ ಮನೆ ಮಾಡುವವರಿಗೆ ಇದು ದೊಡ್ಡ ಅನುಕೂಲ. ಆದರೆ ಆ ನಿಲ್ದಾಣಗಳು ಪೇಟೆಯ ನಡುವೆ ಇಲ್ಲ. ಬೆಳಗಿನ ಹೊತ್ತು ಆಟೋಗೆ ಎಷ್ಟು ಕೇಳುತ್ತಾರೆ ಎಂಬುದನ್ನೂ ವಿಚಾರಿಸಿಕೊಂಡಿರಿ. ವಿಮಾನದ ಅಗತ್ಯ ಹೆಚ್ಚಿರುವವರಿಗೆ, ಅಂದರೆ ಮಕ್ಕಳು ಕೊಲ್ಲಿ ದೇಶದಲ್ಲೋ ಮುಂಬೈಯಲ್ಲೋ ಇರುವವರಿಗೆ, ಬಜ್ಪೆ ವಿಮಾನ ನಿಲ್ದಾಣ ಮಂಗಳೂರಿನ ಪರವಾಗಿ ತಕ್ಕಡಿ ವಾಲಿಸುತ್ತದೆ. ನಮ್ಮ ಮಂಡಕಳ್ಳಿಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ಹೆಜ್ಜೆ 4: ಊರುಗಳನ್ನು ಜರಡಿ ಹಿಡಿಯಿರಿ

ಮಂಗಳೂರು. ಯಾದವಗಿರಿ, ಜಯಲಕ್ಷ್ಮೀಪುರದಂಥ ಕಡೆ ಇದ್ದವರು ಇಲ್ಲಿ ನೋಡಬೇಕಾದ್ದು ಕದ್ರಿ, ಬಿಜೈ, ಬೆಂದೂರು, ಫಳ್ನೀರು, ಲೇಡಿಹಿಲ್, ಉರ್ವ, ಚಿಲಿಂಬಿ. ಇವೆಲ್ಲ ದಿಬ್ಬ ಹತ್ತಿ ಇಳಿಯುವ ಜಾಗಗಳು. ಮೈಸೂರಿನ ಚೌಕ ಬಡಾವಣೆ, ಅಗಲ ರಸ್ತೆ, ಮನೆ ಮುಂದಿನ ರಂಗೋಲಿಯ ಜಾಗ ಇವನ್ನು ಇಲ್ಲಿ ಹುಡುಕಬೇಡಿ. ನಗರದ ಒಳ್ಳೆಯ ಭಾಗವೆಲ್ಲ ಫ್ಲ್ಯಾಟುಗಳಾಗಿದೆ, ಉಳಿದ ಹಳೇ ಹೆಂಚಿನ ಮನೆಗಳು ಮಾರಾಟಕ್ಕೆ ಬಂದರೂ ಕಟ್ಟಡ ಕಟ್ಟುವವರ ಕೈಗೇ ಹೋಗುತ್ತವೆ. ಫ್ಲ್ಯಾಟಿನ ಬದುಕು ಒಗ್ಗುವುದಾದರೆ ಇದಕ್ಕಿಂತ ಅನುಕೂಲದ ಊರು ಕರಾವಳಿಯಲ್ಲಿ ಇನ್ನೊಂದಿಲ್ಲ. ಕೆಲಸದವರು, ಅಂಗಡಿ, ಕಾಲೇಜು, ಯಕ್ಷಗಾನ, ಕೊಂಕಣಿ ನಾಟಕ, ಎಲ್ಲ ಸಿಗುತ್ತದೆ. ವಾಹನದ ದಟ್ಟಣೆ ಮಾತ್ರ ಮೈಸೂರಿನವರ ತಾಳ್ಮೆ ಕೆಡಿಸುವಷ್ಟಿದೆ.

ಸುರತ್ಕಲ್, ಪಣಂಬೂರು ಕಡೆ ಕಡಲಿಗೆ ಹತ್ತಿರವೇ ಜಾಗ ಸಿಗುತ್ತದೆ. ಎನ್‌ಐಟಿಕೆ ಇಂಜಿನಿಯರಿಂಗ್ ಕಾಲೇಜು ಇರುವುದರಿಂದ ಓದಿದವರ ಸಹವಾಸವೂ ಇದೆ. ಆದರೆ ಅದೇ ಕಡೆ ಹಡಗಿನ ಬಂದರು, ರಸಗೊಬ್ಬರ ಕಾರ್ಖಾನೆ, ತೈಲ ಶುದ್ಧೀಕರಣಾಗಾರ ಇವೆ. ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಏನು ವಾಸನೆ ತರುತ್ತದೆ ನೋಡಿ.

ಉಡುಪಿ ಮತ್ತು ಮಣಿಪಾಲ. ಎರಡೂ ಒಂದೇ ನಗರಸಭೆಯೊಳಗೆ ಬಂದರೂ ಸ್ವಭಾವ ಬೇರೆ. ಮಣಿಪಾಲ ಗುಡ್ಡದ ಮೇಲಿನ ವಿದ್ಯಾರ್ಥಿಗಳ ಊರು. ಗಾಳಿ ಚೆನ್ನಾಗಿದೆ, ಆಸ್ಪತ್ರೆ ಬಗಲಲ್ಲೇ ಇದೆ, ಮಲ್ಪೆ ಕಡಲು ಹತ್ತು ಹನ್ನೆರಡು ಕಿಲೋಮೀಟರ್ ಕೆಳಗೆ. ರಾತ್ರಿ ಹನ್ನೊಂದಕ್ಕೂ ಬೈಕುಗಳ ಸದ್ದು, ಬಾಡಿಗೆ ಹುಡುಗರ ಕಟ್ಟಡಗಳು, ಇವು ಅದರ ಇನ್ನೊಂದು ಮುಖ. ಮುಖ್ಯ ರಸ್ತೆ ಬಿಟ್ಟು ಪರ್ಕಳದ ಕಡೆಗೋ ಈಶ್ವರನಗರದ ಒಳಗೋ ಹೋದರೆ ಸದ್ದು ತಗ್ಗುತ್ತದೆ. ಉಡುಪಿಯಲ್ಲಿ ಕುಂಜಿಬೆಟ್ಟು, ಕಡಿಯಾಳಿ, ಬ್ರಹ್ಮಗಿರಿ, ಅಂಬಲಪಾಡಿ ನೋಡಬಹುದು. ಸಸ್ಯಾಹಾರಿಗಳಿಗೆ, ದೇವಸ್ಥಾನದ ನಂಟು ಬೇಕೆನ್ನುವವರಿಗೆ ಉಡುಪಿ ತವರಿನ ಹಾಗೆ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯದ ಹೊತ್ತಿನಲ್ಲಿ ರಥಬೀದಿಯ ಸುತ್ತ ಮನೆ ಇದ್ದವರ ಪಾಡು ದಸರಾ ದಿನ ಅರಮನೆ ಸುತ್ತ ಇದ್ದವರ ಪಾಡೇ ಸರಿ. ಯಾರಾದರೂ ಒಂದೇ ಹೆಸರು ಹೇಳಿ ಎಂದು ಹಿಡಿದು ಕೂತರೆ, ಮೈಸೂರಿನ ಅರವತ್ತು ದಾಟಿದ ದಂಪತಿಗೆ ನಾನು ಹೇಳುವುದು ಉಡುಪಿ-ಮಣಿಪಾಲದ ನಡುವಿನ ಈ ಪಟ್ಟಿಯನ್ನೇ.

ಕುಂದಾಪುರ. ಅಂದ ಅಂದರೆ ಇಲ್ಲಿನದು. ಪಂಚಗಂಗಾವಳಿ ಕಡಲು ಸೇರುವ ಜಾಗ, ಹಿನ್ನೀರು, ತೆಂಗಿನ ಕುದ್ರುಗಳು (ಹೊಳೆ ನಡುವಿನ ದ್ವೀಪಗಳು), ಇನ್ನಷ್ಟು ಉತ್ತರಕ್ಕೆ ಹೋದರೆ ಒಂದು ಬದಿ ಸೌಪರ್ಣಿಕೆ, ಇನ್ನೊಂದು ಬದಿ ಸಮುದ್ರ ಇರುವ ಮರವಂತೆಯ ಹೆದ್ದಾರಿ. ತುಳು ಬಾರದ ನಮ್ಮವರಿಗೆ ಕುಂದಾಪ್ರ ಕನ್ನಡ ವಾರದಲ್ಲಿ ಹತ್ತಿರವಾಗುತ್ತದೆ. ಮಂಗಳೂರು, ಉಡುಪಿಯಲ್ಲಿ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ, ಆದರೆ ಅಂಗಡಿ ಕಟ್ಟೆಯ ಹರಟೆ ನಡೆಯುವುದು ತುಳುವಿನಲ್ಲಿ, ಕೊಂಕಣಿಯಲ್ಲಿ. ಅಲ್ಲಿ ಕೂತು ನಗಬೇಕಾದರೆ ಒಂದಿಷ್ಟು ಕಲಿಯಲೇಬೇಕು. ಆರೋಗ್ಯ ಗಟ್ಟಿ ಇದ್ದು, ಕಾರು ಓಡಿಸುವವರು ಮನೆಯಲ್ಲಿದ್ದರೆ ಕುಂದಾಪುರ ಮೊದಲ ಆಯ್ಕೆಯಾಗಬಹುದು. ಇಲ್ಲದಿದ್ದರೆ ರಜೆಗೆ ಸಾಕು.

ಉಳಿದವು ಬೇಗ ಮುಗಿಯುತ್ತವೆ. ಉಳ್ಳಾಲ, ಸೋಮೇಶ್ವರ ಆಸ್ಪತ್ರೆಗಳಿಗೆ ಹತ್ತಿರ, ಆದರೆ ಕಡಲ್ಕೊರೆತದ ಹೆಸರು ಬಂದಾಗಲೆಲ್ಲ ಮೊದಲು ಕೇಳುವುದು ಇವುಗಳ ಹೆಸರೇ. ಪಡುಬಿದ್ರಿಯ ಕಡಲತೀರಕ್ಕೆ 2020ರಲ್ಲಿ, ಸ್ವಚ್ಛ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ, ಒಳಗಡೆ ಎಲ್ಲೂರಿನಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವೂ ಇದೆ. ಗೋಕರ್ಣ ಪ್ರವಾಸಿಗಳದ್ದು. ಶನಿವಾರ, ಭಾನುವಾರ ನಿಮ್ಮ ಮನೆ ಮುಂದೆ ಯಾರದೋ ಕಾರು ನಿಂತಿರುತ್ತದೆ. ಕಾರವಾರ ಅಗಲ ಬೀದಿಗಳ ಶಾಂತ ಜಿಲ್ಲಾ ಕೇಂದ್ರ, ನೌಕಾನೆಲೆಯೂ ಅಲ್ಲಿಯದೇ. ಆದರೆ ಮಂಗಳೂರಿನಿಂದಲೇ ಇನ್ನೂ 270 ಕಿಲೋಮೀಟರ್ ಉತ್ತರಕ್ಕೆ ಹೋಗಬೇಕು. ಮೈಸೂರಿನ ನಂಟು ಉಳಿಸಿಕೊಳ್ಳುವವರಿಗೆ ಅದು ಬೇರೆ ರಾಜ್ಯವೇ.

ಮನೆಯ ಹೆಂಗಸರಿಗೆ ಒಂದು ಮಾತು. 2023ರಿಂದ ನಡೆಯುತ್ತಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಮೈಸೂರಿನಲ್ಲಿ ನಗರ ಸಾರಿಗೆ ಪೂರ್ತಿ ಸರ್ಕಾರದ್ದು. ಮಂಗಳೂರು, ಉಡುಪಿಯಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು. ಅವು ನಿಮಿಷಕ್ಕೊಂದು ಬರುತ್ತವೆ, ಚುರುಕು ಜಾಸ್ತಿ, ಕೈಯಲ್ಲಿ ಚಿಲ್ಲರೆ ಇರಬೇಕು, ಕಂಡಕ್ಟರ್ ಸೀಟಿ ಊದುವ ಮೊದಲೇ ಹತ್ತಿರಬೇಕು.

ಹೆಜ್ಜೆ 5: ಜುಲೈನಲ್ಲಿ ಹೋಗಿ ಇದ್ದು ಬನ್ನಿ

ಪಟ್ಟಿ ಎರಡು ಊರಿಗೆ ಇಳಿದ ಮೇಲೆ ಮಾಡಬೇಕಾದ ಕೆಲಸ ಇದು, ಇದಕ್ಕೆ ವಿನಾಯಿತಿ ಇಲ್ಲ. ಮೈಸೂರಿಗೆ ಇಡೀ ವರ್ಷ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ಕರಾವಳಿಗೆ ಅಷ್ಟು ಮಳೆ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತದೆ. ಚಾಮುಂಡಿ ಬೆಟ್ಟದ ಮೇಲಿನ ಮೋಡ ನೋಡಿ ಖುಷಿ ಪಡುವುದು ಬೇರೆ, ಹದಿನೈದು ದಿನ ಬಿಸಿಲೇ ಕಾಣದಿರುವುದು ಬೇರೆ.

ರೆಸಾರ್ಟಿನಲ್ಲಿ ಇಳಿಯಬೇಡಿ. ವಾರದ ಮಟ್ಟಿಗೆ ಬಾಡಿಗೆಗೆ ಸಿಗುವ ಸಾಮಾನ್ಯ ಫ್ಲ್ಯಾಟು ಹಿಡಿದು ನೀವೇ ಅಡುಗೆ ಮಾಡಿಕೊಂಡಿರಿ. ಒಂದು ಟವೆಲ್, ಒಂದು ಜೀನ್ಸ್ ಒಗೆದು ಒಳಗೆ ಹರವಿ, ಎಷ್ಟು ದಿನಕ್ಕೆ ಒಣಗುತ್ತದೆ ನೋಡಿ. ಮೈಸೂರಿನಿಂದ ತಂದ ಹಪ್ಪಳದ ಕಟ್ಟನ್ನು ಬಿಚ್ಚಿಡಿ, ಬೆಳಿಗ್ಗೆಗೆ ಬಟ್ಟೆಯ ಹಾಗೆ ಬಾಗುತ್ತದೆ. ಡಬ್ಬಿಯ ಉಪ್ಪು ನೀರೊಡೆಯುತ್ತದೆ. ಬೀರುವಿನ ಹಿಂಬದಿ, ಚಪ್ಪಲಿಯ ಒಳಗೆ, ಬೆಲ್ಟಿನ ಮೇಲೆ ಬೂಷ್ಟು ಬಂದಿದೆಯೇ ಎಂದು ಬಾಡಿಗೆ ಮನೆಯಲ್ಲೇ ತಡಕಿ ನೋಡಿ. ಮೈಸೂರು ಸಿಲ್ಕ್ ಸೀರೆಗಳ ರಾಶಿ ಇರುವ ಮನೆಯವರು ಇದನ್ನು ಕಣ್ಣಾರೆ ಕಂಡೇ ತೀರ್ಮಾನಕ್ಕೆ ಬರಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹಾಗಾಗಿ ಮೀನಿನ ಆಸೆಗೆ ಹೋದವರು ಆ ಹೊತ್ತಿನ ಬೆಲೆ ನೋಡಿ ಬೆಚ್ಚಬೇಡಿ, ಆಗಸ್ಟಿನಲ್ಲಿ ಇಳಿಯುತ್ತದೆ. ಸೊಪ್ಪು, ಹಸಿ ತರಕಾರಿಯಲ್ಲಿ ಬಹಳಷ್ಟು ಘಟ್ಟದ ಮೇಲಿನಿಂದಲೇ ಬರುವುದು. ದೇವರಾಜ ಮಾರುಕಟ್ಟೆಯ ದರ ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ.

ಏಪ್ರಿಲ್ ಕೊನೆಯಲ್ಲೂ ಒಂದೆರಡು ದಿನ ಇದ್ದು ಬರಬೇಕು. ಉಷ್ಣಾಂಶದ ಅಂಕಿ ಮೈಸೂರಿನಷ್ಟೇ ಇರಬಹುದು. ಆದರೆ ಇಲ್ಲಿ 770 ಮೀಟರ್ ಎತ್ತರದಲ್ಲಿ ರಾತ್ರಿ ತಂಪಾಗುತ್ತದೆ, ಅಲ್ಲಿ ರಾತ್ರಿಯೂ ಬೆವರು ಆರುವುದಿಲ್ಲ.

ಹೆಜ್ಜೆ 6: ಕಡಲಿನಿಂದ ಎಷ್ಟು ದೂರ

ಹೆಚ್ಚು ದುಡ್ಡು ಕೇಳುವುದು ಕಡಲು ಕಾಣುವ ಮನೆಗೆ. ಹೆಚ್ಚು ತೊಂದರೆ ಕೊಡುವುದೂ ಅದೇ. ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿಗೆ ಬೇಸಿಗೆಯಲ್ಲಿ ಮಧ್ಯಾಹ್ನದಿಂದ ಸಂಜೆವರೆಗೆ ನೇರ ಬಿಸಿಲು. ಮಳೆಗಾಲದಲ್ಲಿ ನೈಋತ್ಯದ ಗಾಳಿಗೆ ಮಳೆ ಅಡ್ಡಡ್ಡ ಬಡಿಯುತ್ತದೆ. ಕಿಟಕಿಯ ಕೆಳಚೌಕಟ್ಟಿನಿಂದ ನೀರು ಒಳಗೆ ಜಿನುಗುತ್ತದೆ. ಸಮುದ್ರ ನೋಡಲೆಂದು ಕೊಂಡ ಬಾಗಿಲನ್ನು ನಾಲ್ಕು ತಿಂಗಳು ಮುಚ್ಚಿಯೇ ಇಡಬೇಕಾಗುತ್ತದೆ.

ಉಪ್ಪಿನ ಗಾಳಿಯ ಕೆಲಸ ನಿಧಾನ. ಫ್ಲ್ಯಾಟು ನೋಡಲು ಹೋದಾಗ ಮಾದರಿ ಮನೆಗೆ ಮರುಳಾಗದೆ ಅದೇ ಬೀದಿಯ ಹತ್ತು ವರ್ಷ ಹಳೆಯ ಕಟ್ಟಡದ ಪಾರ್ಕಿಂಗಿಗೆ ಹೋಗಿ. ಕಂಬದ ಬುಡದಲ್ಲಿ, ಬಾಲ್ಕನಿಯ ತಳದಲ್ಲಿ ಕಂದು ಕಲೆ, ಸರಳಿನ ಗುಂಟ ಉದ್ದುದ್ದ ಬಿರುಕು, ಉದುರಿದ ಸಿಮೆಂಟು ಕಂಡರೆ ಒಳಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತಿದೆ ಎಂದರ್ಥ. ಹೊರಗೆ ತೂಗುಹಾಕಿದ ಎಸಿ ಪೆಟ್ಟಿಗೆಗಳ ಸ್ಥಿತಿಯನ್ನೂ ನೋಡಿ. ಸ್ವಂತ ಮನೆ ಕಟ್ಟಿಸುವವರು ಸರಳಿನ ಮೇಲಿನ ಕಾಂಕ್ರೀಟ್ ಹೊದಿಕೆಯಲ್ಲಿ ಜಿಪುಣತನ ಮಾಡಬಾರದು, ಕಬ್ಬಿಣದ ಗ್ರಿಲ್ಲಿನ ಮೋಹ ಬಿಡಬೇಕು. ಮೈಸೂರಿನಂತೆ ತಾರಸಿಯನ್ನು ಬೋಳಾಗಿ ಬಿಡುವ ಹಾಗಿಲ್ಲ. ಮೇಲೆ ಶೀಟಿನದೋ ಹೆಂಚಿನದೋ ಇಳಿಜಾರು ಮಾಡು ಹಾಕಿಸಿಯೇ ತೀರಬೇಕು, ಆ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ.

ಕಾನೂನಿನ ಗೆರೆಯೂ ಇದೆ. ಕರಾವಳಿ ನಿಯಂತ್ರಣ ವಲಯ, ಎಲ್ಲರ ಬಾಯಲ್ಲಿ ಸಿಆರ್‌ಝಡ್, 1991ರಿಂದ ಜಾರಿಯಲ್ಲಿದ್ದು 2011ರಲ್ಲಿ ಮತ್ತು 2019ರಲ್ಲಿ ಹೊಸ ರೂಪ ಪಡೆಯಿತು. ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಜಾಗವೆಲ್ಲ ಇದರ ಹಿಡಿತದಲ್ಲಿದೆ. ಹಳ್ಳಿಗಾಡಿನ ತೀರದಲ್ಲಿ, 2011ರ ಜನಗಣತಿಯ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಇದ್ದರೆ 50 ಮೀಟರ್, ಕಡಿಮೆ ಇದ್ದರೆ 200 ಮೀಟರ್ ಹೊಸ ಕಟ್ಟಡಕ್ಕೆ ನಿಷಿದ್ಧ ವಲಯ. ಹಿನ್ನೀರು, ಅಳಿವೆಯ ದಡಕ್ಕೂ ಬೇರೆ ಮಿತಿ ಇದೆ. ಹೊಳೆ ಬದಿಯ ಜಾಗಕ್ಕೆ ಸಿಆರ್‌ಝಡ್ ಬರುವುದಿಲ್ಲ ಎಂದು ದಲ್ಲಾಳಿ ಹೇಳಿದರೆ ನಂಬಬೇಡಿ. ಸರ್ವೆ ನಂಬರ್ ಹಿಡಿದು ಅನುಮೋದಿತ ನಕ್ಷೆಯಲ್ಲಿ ಜಾಗ ಎಲ್ಲಿ ಬೀಳುತ್ತದೆ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಮತ್ತೆ ಕಡಲ್ಕೊರೆತ. ತೀರದಲ್ಲಿ ಕರಿಕಲ್ಲು ಪೇರಿಸಿದ ತಡೆಗೋಡೆ ಕಂಡರೆ ಅದು ಭದ್ರತೆಯ ಗುರುತು ಎಂದುಕೊಳ್ಳಬೇಡಿ. ಕಡಲು ಅಲ್ಲಿಗೆ ಆಗಲೇ ಬಂದು ಹೋಗಿದೆ ಎಂದು ಓದಿಕೊಳ್ಳಿ. ನನ್ನ ಸಲಹೆ ಇಷ್ಟೇ: ಮೂರರಿಂದ ಹತ್ತು ಕಿಲೋಮೀಟರ್ ಒಳಗೆ, ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ದಿಬ್ಬದ ಮೇಲೆ ಮನೆ. ಸಂಜೆ ಕಾರು ತೆಗೆದರೆ ಕಾಲು ಗಂಟೆಯಲ್ಲಿ ಮರಳಿನ ಮೇಲಿರುತ್ತೀರಿ.

ಹೆಜ್ಜೆ 7: ಮೇ ತಿಂಗಳ ನೀರು

ಇಷ್ಟು ಮಳೆ ಬೀಳುವ ನಾಡಿನಲ್ಲಿ ನೀರಿಗೆ ಬರವೇ ಎಂದು ನಮ್ಮವರು ನಗುತ್ತಾರೆ. ಮಂಗಳೂರಿಗೆ ನೀರು ಕೊಡುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟು, ಉಡುಪಿಗೆ ಸ್ವರ್ಣಾ ನದಿಯ ಬಜೆ. ಎರಡೂ ಕೆಆರ್‌ಎಸ್‌ನಂಥ ದೊಡ್ಡ ಜಲಾಶಯಗಳಲ್ಲ. ಹೊಳೆ ಬತ್ತಿದರೆ ಸಂಗ್ರಹವೂ ಬೇಗ ಬತ್ತುತ್ತದೆ. 2019ರ ಮೇ ತಿಂಗಳಲ್ಲಿ ಎರಡೂ ಊರುಗಳಲ್ಲಿ ಸರದಿ ಮೇಲೆ ನೀರು ಬಿಟ್ಟಿದ್ದರು. ಆದ್ದರಿಂದ ಸ್ವಂತ ತೆರೆದ ಬಾವಿ ಇರುವ ಜಾಗಕ್ಕೆ ಬೆಲೆ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬಾವಿಯನ್ನು ಮೇ ಎರಡನೇ ವಾರ ಇಣುಕಿ ನೋಡಿ, ನೀರನ್ನು ಬಾಯಿಗೆ ಹಾಕಿ ನೋಡಿ. ಹಿನ್ನೀರಿಗೆ ಹತ್ತಿರದ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ. ಫ್ಲ್ಯಾಟಾದರೆ ಕಳೆದ ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ತರಿಸಿದರು ಎಂದು ಸಂಘದ ಲೆಕ್ಕಪುಸ್ತಕವನ್ನೇ ಕೇಳಿ.

ಹೆಜ್ಜೆ 8: ಕಾಗದಪತ್ರ

ಮೈಸೂರಿನ ಮುಡಾ ಸೈಟುಗಳ ಲೆಕ್ಕದಲ್ಲಿ ಬೆಳೆದವರಿಗೆ ಇದು ಹೊಸ ಲೋಕ. (ಮಂಗಳೂರಿನಲ್ಲೂ ಒಂದು ಮುಡಾ ಇದೆ, ಗಾಬರಿಯಾಗಬೇಡಿ.) ಮೊದಲು ಅಳತೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಜಾಗದ ಮಾತು ಸೆಂಟ್ಸಿನಲ್ಲಿ. ನೂರು ಸೆಂಟ್ಸಿಗೆ ಒಂದು ಎಕರೆ, ಒಂದು ಸೆಂಟ್ಸ್ ಅಂದರೆ 435.6 ಚದರಡಿ, ಎರಡೂವರೆ ಸೆಂಟ್ಸ್ ಸೇರಿದರೆ ನಮ್ಮ ಒಂದು ಗುಂಟೆ. ನಮ್ಮ 40x60 ಸೈಟು ಅಲ್ಲಿ ಸುಮಾರು ಐದೂವರೆ ಸೆಂಟ್ಸ್. ಆದರೆ ಇಳಿಜಾರಿನ ಜಾಗದಲ್ಲಿ ಹತ್ತು ಸೆಂಟ್ಸಿದ್ದರೂ ಮನೆ ಕೂರುವುದು ನಾಲ್ಕರಲ್ಲಿ. ಉಳಿದದ್ದು ತಡೆಗೋಡೆಗೆ.

ಪಹಣಿ, ಋಣಭಾರ ಪತ್ರ, ಭೂಪರಿವರ್ತನೆ ಆದೇಶ, ಇ-ಖಾತೆ, ಇವು ಎಲ್ಲ ಕಡೆಯಂತೆಯೇ. ಪಂಚಾಯಿತಿ ವ್ಯಾಪ್ತಿಯಲ್ಲಿ ಜನ ನೈನ್-ಇಲೆವೆನ್ ಎನ್ನುವುದು ನಮೂನೆ 9 ಮತ್ತು 11 ಎಂಬ ಆಸ್ತಿ ದಾಖಲೆಗೆ, ಅದು ಇಲ್ಲದ ಜಾಗಕ್ಕೆ ಮುಂಗಡ ಕೊಡಬೇಡಿ. ಬಿಡಿ ಜಾಗವಾದರೆ ಸಿಂಗಲ್ ಲೇಔಟ್ ಅನುಮೋದನೆ ಆಗಿದೆಯೇ, ರಸ್ತೆ ಕಾಗದದಲ್ಲೂ ರಸ್ತೆಯೋ ಬರೀ ಓಡಾಟದ ಜಾಗವೋ ನೋಡಿ. ಎಂಟಕ್ಕಿಂತ ಹೆಚ್ಚು ಫ್ಲ್ಯಾಟು ಇದ್ದು, ಜಾಗ 500 ಚದರ ಮೀಟರ್ ಮೀರಿದ ಹೊಸ ಯೋಜನೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಆಗಿರಲೇಬೇಕು.

ಕರಾವಳಿಗೇ ವಿಶೇಷವಾದ ತೊಡಕುಗಳು ಇನ್ನು ಮುಂದೆ. ಒಂದು, ಮೂಲಗೇಣಿ. ಮಂಗಳೂರು, ಉಡುಪಿಯ ಹಳೇ ಭಾಗಗಳಲ್ಲಿ ತಲೆತಲಾಂತರದಿಂದ ಮನೆ ಕಟ್ಟಿಕೊಂಡಿರುವವರ ಕೈಯಲ್ಲಿ ಗೇಣಿ ಹಕ್ಕು ಮಾತ್ರ ಇದ್ದು, ಮೂಲಿ ಹಕ್ಕು, ಅಂದರೆ ಒಡೆತನ, ಬೇರೊಬ್ಬರದೋ ದೇವಸ್ಥಾನದ್ದೋ ಆಗಿರಬಹುದು. ಮೂಲಗೇಣಿದಾರರಿಗೆ ಮಾಲೀಕತ್ವ ಕೊಡಲು 2011ರ ಕಾಯಿದೆ ಇದೆ. ಆದರೆ ನೀವು ಕೊಳ್ಳುವ ಜಾಗದಲ್ಲಿ ಅದು ನಡೆದಿದೆಯೇ ಎನ್ನುವುದೇ ಪ್ರಶ್ನೆ. ಎರಡು, ಕುಮ್ಕಿ. ವರ್ಗ ಜಮೀನಿನ (ಸ್ವಂತ ಪಟ್ಟಾ ಜಮೀನಿನ) ಪಕ್ಕದ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರುವ ಸೌಲಭ್ಯವಷ್ಟೇ ಅದು. ಬೇಲಿ ಹಾಕಿ ತೋರಿಸಿ "ಇದೂ ನಿಮ್ಮದೇ" ಎಂದರೆ ಆ ಭಾಗಕ್ಕೆ ಬೆಲೆ ಕಟ್ಟಬೇಡಿ. ಮೂರು, ಅಳಿಯಸಂತಾನ ಕುಟುಂಬದ ಆಸ್ತಿ. ಹಕ್ಕು ಹೆಣ್ಣಿನ ಕವಲಿನಲ್ಲಿ ಹರಿದು ಬಂದಿರುವುದರಿಂದ ಮುಂಬೈಯಲ್ಲಿ, ದುಬೈಯಲ್ಲಿ ಇರುವ ತಾಯಿಯ ಅಕ್ಕತಂಗಿಯರ ಮೊಮ್ಮಕ್ಕಳ ಸಹಿಯೂ ಬೇಕಾಗಬಹುದು. ಅಧಿಕಾರ ಪತ್ರ ಹಿಡಿದು ಮಾರಲು ಬಂದವರಿದ್ದರೆ, ಬರೆದುಕೊಟ್ಟವರು ಬದುಕಿದ್ದಾರೆಯೇ ಎಂಬಲ್ಲಿಂದ ವಿಚಾರಣೆ ಶುರುವಾಗಲಿ.

ನಾಲ್ಕನೆಯದು ಕಾಗದದಲ್ಲಿ ಸಿಗುವುದಿಲ್ಲ, ಮರದ ನೆರಳಲ್ಲಿ ಸಿಗುತ್ತದೆ. ಜಾಗದ ಮೂಲೆಯಲ್ಲಿ ಬಳ್ಳಿ ಹಬ್ಬಿದ ಕಾಡಿನ ತುಣುಕು, ನಡುವೆ ನಾಗನ ಕಲ್ಲುಗಳು ಇವೆಯೇ ನೋಡಿ. ನಾಗಬನ, ಭೂತಸ್ಥಾನ ಇರುವ ಜಾಗವನ್ನು ಕೊಂಡರೆ ಮಾರಿದ ಕುಟುಂಬ ವರ್ಷವರ್ಷ ತಂಬಿಲ ಎಂಬ ಪೂಜೆ ಸಲ್ಲಿಸಲು ಬರುತ್ತದೆ. ಅವರಿಗೆ ದಾರಿ ಬಿಡಬೇಕು, ಮರ ಕಡಿಯುವ ಹಾಗಿಲ್ಲ. ಇದನ್ನು ತಕರಾರು ಎಂದು ನೋಡದೆ ಒಪ್ಪುವವರು ಕೊಳ್ಳಿ, ಒಪ್ಪದವರು ಬೇರೆ ಜಾಗ ನೋಡಿ. ಆಮೇಲೆ ಕೋರ್ಟಿಗೆ ಹೋಗಿ ನೆರೆಹೊರೆಯ ಮನಸ್ಸು ಕೆಡಿಸಿಕೊಂಡರೆ ಆ ಊರಿನಲ್ಲಿ ಬಾಳುವುದು ಕಷ್ಟ.

ಈ ಕಾರಣಗಳಿಗೇ, ಮೈಸೂರಿನ ನಿಮ್ಮ ಪರಿಚಯದ ವಕೀಲರು ಎಷ್ಟೇ ಗಟ್ಟಿಗರಾದರೂ, ದಾಖಲೆ ನೋಡಲು ಅಲ್ಲಿಯವರನ್ನೇ ಹಿಡಿಯಿರಿ. ಮಾರುವವರು ಸೂಚಿಸಿದ ವಕೀಲರು ಬೇಡ.

ಹೆಜ್ಜೆ 9: ಕೊಳ್ಳುವುದೋ ಬಾಡಿಗೆಯೋ

ಒಂದು ಉದಾಹರಣೆ ಲೆಕ್ಕ ಹಾಕೋಣ. 80 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ 20 ಸಾವಿರ ಬಾಡಿಗೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 2.4 ಲಕ್ಷ, ಅಂದರೆ ನೂರಕ್ಕೆ ಮೂರು. ಅದೇ 80 ಲಕ್ಷ ಬ್ಯಾಂಕಿನಲ್ಲಿ ನೂರಕ್ಕೆ ಏಳರಂತೆ 5.6 ಲಕ್ಷ ತರುತ್ತದೆ. ತೆರಿಗೆ ಕಳೆದರೂ ಬಾಡಿಗೆ ಕಟ್ಟಿ ಕೈಯಲ್ಲಿ ಉಳಿಯುತ್ತದೆ. ಮೇಲಿಂದ ತುಕ್ಕು, ಸೋರಿಕೆ, ಬಣ್ಣ, ಎಲ್ಲ ಮನೆ ಮಾಲೀಕರ ತಲೆನೋವು. ನಿಮ್ಮ ಊರಿನ ನಿಜವಾದ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಿ. ಬೆಲೆ ಏರುತ್ತದಲ್ಲಾ ಎನ್ನುವವರು, ಆ ಕಟ್ಟಡದಲ್ಲಿ ಹತ್ತು ವರ್ಷದ ಹಿಂದೆ ಕೊಂಡವರು ಈಗ ಎಷ್ಟಕ್ಕೆ ಮಾರಿದರು ಎಂದು ನೋಂದಣಿಯಾದ ಪತ್ರದಿಂದ ತಿಳಿಯಲಿ, ದಲ್ಲಾಳಿಯ ಬಾಯಿಂದ ಬೇಡ.

ನನಗೆ ಕೇಳಿದರೆ, ಮೊದಲ ಹನ್ನೊಂದು ತಿಂಗಳು ಬಾಡಿಗೆಗೇ ಇರಿ. ಕರಾರು ಮುಗಿಯುವ ಹೊತ್ತಿಗೆ ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಬೇಸಿಗೆ ಕಂಡಿರಬೇಕು. ಅಷ್ಟರಲ್ಲಿ ನಿಮ್ಮ ಮನೆಯಾಕೆಗೋ ನಿಮಗೋ ಒಬ್ಬರಿಗಾದರೂ ಅಲ್ಲಿ ಗೆಳೆತನ ಬೆಳೆದಿದೆಯೇ ಎಂಬುದೂ ಗೊತ್ತಾಗುತ್ತದೆ. ಕುಚ್ಚಲಕ್ಕಿ ಗಂಜಿ ಒಗ್ಗಿತೇ, ರಾಗಿ ಹಿಟ್ಟು ತರಿಸಿಕೊಳ್ಳಲು ಪ್ರತಿ ತಿಂಗಳು ಮಂಡ್ಯಕ್ಕೆ ಫೋನು ಮಾಡುತ್ತಿದ್ದೀರಾ, ಅದೂ ಲೆಕ್ಕಕ್ಕೆ ಬರಲಿ.

ಹೆಜ್ಜೆ 10: ಸಾಗುವುದು

ಮೇ ಕೊನೆಯಲ್ಲಿ ಸಾಮಾನು ಸಾಗಿಸಬೇಡಿ, ಲಾರಿ ಇಳಿಸುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಅಕ್ಟೋಬರ್ ಕೊನೆ ಅಥವಾ ನವೆಂಬರ್ ಒಳ್ಳೆಯದು. ಪ್ಲೈವುಡ್ಡಿನ ದೊಡ್ಡ ಬೀರುಗಳನ್ನು ಇಲ್ಲೇ ಮಾರಿ, ಒಯ್ಯುವ ಬೀರುಗಳನ್ನು ಹೊರಗೋಡೆಗೆ ಒರಗಿಸದೆ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ನಿಲ್ಲಿಸಿ. ಅಡುಗೆ ಅನಿಲ, ಆಧಾರ್ ವಿಳಾಸ, ಪಿಂಚಣಿ ಬ್ಯಾಂಕಿನ ಶಾಖೆ, ಆರೋಗ್ಯ ವಿಮೆಯಲ್ಲಿ ಅಲ್ಲಿನ ಆಸ್ಪತ್ರೆ ನಗದುರಹಿತ ಪಟ್ಟಿಯಲ್ಲಿದೆಯೇ, ಇವನ್ನು ಹೊರಡುವ ಮೊದಲೇ ಮುಗಿಸಿ. ವಿಮೆಯ ವಿಷಯವನ್ನಂತೂ ಕಂಪನಿಯ ಪಟ್ಟಿಯಲ್ಲಿ ಓದಿದ್ದು ಸಾಲದು, ಆಸ್ಪತ್ರೆಯ ವಿಮಾ ಕೌಂಟರಿನಲ್ಲೇ ನಿಂತು ಕೇಳಿ.

ಮೈಸೂರಿನ ಮನೆಯನ್ನು ಎರಡು ಮಳೆಗಾಲ ಕಳೆಯುವವರೆಗೆ ಮಾರಬೇಡಿ. ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಕೊಟ್ಟು, ಒಂದು ಕೋಣೆಗೆ ಬೀಗ ಹಾಕಿ ರೇಷ್ಮೆ ಸೀರೆ, ಹಳೇ ಪುಸ್ತಕ, ಫೋಟೋ ಆಲ್ಬಮ್ ಅಲ್ಲೇ ಇಟ್ಟುಕೊಳ್ಳಿ. ಆ ಕೋಣೆ ಬಾಡಿಗೆಗೆ ಸೇರಿಲ್ಲ ಎಂಬುದನ್ನು ಕರಾರಿನಲ್ಲಿ ಬರೆಸಿರಿ.